ಎರಡನೇ ಗೇರ್‌ಗೆ ಅಡ್ಡ ಬಂದ ಉಪಾಧ್ಯಕ್ಷರು

ಪಶ್ಚಿಮ ಹೋಬಳಿಗಳ ಕಾಫಿ ಬೆಳೆಗಾರರ ಹಿತರಕ್ಷಣಾ ಮಹಾಮಂಡಳಿಯ ಉಪನಿಯಮಗಳ ಪ್ರಕಾರ, ಮಹಾಮಂಡಳಿಯ ಕಾರಿನಲ್ಲಿ ಮುಂದಿನ ಸೀಟಿನ ಎಡತುದಿ ಅಧ್ಯಕ್ಷರಿಗೂ ನಡುಭಾಗ ಉಪಾಧ್ಯಕ್ಷರಿಗೂ ಸೇರಿದ್ದು. ಉಳಿದ ಜಾಗದಲ್ಲಿ ಚಾಲಕನನ್ನು ಕೂರಿಸಿಕೊಳ್ಳಬಹುದು.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಮಹಾಮಂಡಳಿ ಹುಟ್ಟಿದಾಗ ಅಧ್ಯಕ್ಷಗಿರಿ ತಮಗೆ ಬೇಕೆಂದು ವಸ್ತಾರೆ ಕಡೆಯವರೂ ಆಲ್ದೂರು ಕಡೆಯವರೂ ಹಟ ಹಿಡಿದಿದ್ದರು. ಊಟ ಬಿಟ್ಟು ಎದ್ದು ಹೋಗುವುದು, ಮತ್ತೆ ಬಂದು ಕೂರುವುದು ಎಲ್ಲ ಆದ ಮೇಲೆ ಒಂದು ರಾಜಿಯಾಯಿತು. ಅಧ್ಯಕ್ಷರು ವಸ್ತಾರೆ ಕಡೆಯಿಂದ, ಉಪಾಧ್ಯಕ್ಷರು ಆಲ್ದೂರು ಕಡೆಯಿಂದ, ಕಚೇರಿ ಆಲ್ದೂರಿನಲ್ಲಿ. ಜೊತೆಗೆ ಉಪಾಧ್ಯಕ್ಷರು ಯಾವ ಸಂದರ್ಭದಲ್ಲೂ, ಯಾವ ಆಸನದಲ್ಲೂ, ಅಧ್ಯಕ್ಷರಿಗಿಂತ ಒಂದು ಬೆರಳಿನಷ್ಟೂ ಹಿಂದೆ ಕೂರತಕ್ಕದ್ದಲ್ಲ. ಅಂದಿನಿಂದ ವೇದಿಕೆಯ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ, ಕಾರಿನಲ್ಲಿ ಈ ಇಬ್ಬರು ಒಂದೇ ಗೆರೆ ಎಳೆದ ಹಾಗೆ ಕೂರುತ್ತಿದ್ದರು. ಮಹಾಮಂಡಳಿ ಬೇರೆ ಯಾವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ ದಾಖಲೆ ಇಲ್ಲ.

ಹಳೆಯ ಅಂಬಾಸಿಡರ್ ಇರುವಷ್ಟು ಕಾಲ ಯಾವ ತೊಡಕೂ ಬರಲಿಲ್ಲ. ಅದರ ಗೇರ್ ಸ್ಟೇರಿಂಗಿನ ಕೆಳಗೇ ಇತ್ತು. ಚಾಲಕ ಮಂಜಯ್ಯ ಸ್ಟೇರಿಂಗಿನಿಂದ ಎಡಗೈಯನ್ನು ಒಂದಿಷ್ಟು ಇಳಿಸಿ, ಮೊಸರು ಕಡೆದ ಹಾಗೆ ಮೃದುವಾಗಿ ಗೇರ್ ಹಾಕುತ್ತಿದ್ದ. ಪಕ್ಕದಲ್ಲಿ ಕೂತ ಉಪಾಧ್ಯಕ್ಷರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಕಾರಿನಲ್ಲಿ ಗೇರ್ ಎಲ್ಲಿದೆ ಎಂಬ ಪ್ರಶ್ನೆಯನ್ನು ಮಹಾಮಂಡಳಿ ಯಾವತ್ತೂ ಎತ್ತಿರಲಿಲ್ಲ. ಹೊಟ್ಟೆನೋವು ಬರುವ ತನಕ ಕರುಳಿನ ಬಗ್ಗೆ ಯಾರು ತಾನೆ ಯೋಚಿಸುತ್ತಾರೆ.

ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ಕಾಫಿಗೆ ಒಳ್ಳೆ ರೇಟು ಬಂತು. ಬೆಳೆಗಾರರು ಮನೆಗೆ ಸುಣ್ಣ ಹೊಡೆಸಿದರು, ಮಕ್ಕಳಿಗೆ ಬೈಕ್ ಕೊಡಿಸಿದರು. ಮಹಾಮಂಡಳಿಯೂ ಹೊಸ ಕಾರು ಕೊಳ್ಳುವುದೆಂದು ತೀರ್ಮಾನಿಸಿತು. ಖರೀದಿ ಸಮಿತಿ ಕಾರಿನ ಬಣ್ಣ ನೋಡಿತು, ಸೀಟಿನ ಬಟ್ಟೆ ಮುಟ್ಟಿ ನೋಡಿತು, ಕ್ಯಾಸೆಟ್ ಪ್ಲೇಯರಿನಲ್ಲಿ ಭಕ್ತಿಗೀತೆ ಹಾಕಿಸಿ ಕೇಳಿತು, ನಂಬರು ಕೂಡಿಸಿದರೆ ಒಳ್ಳೆಯದು ಬರುತ್ತದೋ ಇಲ್ಲವೋ ಎಂದು ಕಣಿ ಕೇಳಿತು. ಗೇರ್ ನೋಡಲಿಲ್ಲ.

ಕಚೇರಿಯ ಮುಂದೆ ಪೂಜೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರು, ಕಡ್ಡಿಯ ಹಾಗೆ ತೆಳ್ಳಗಿದ್ದ ವಸ್ತಾರೆಯ ದೊಡ್ಡ ತೋಟದವರು, ಬಾಗಿಲು ಹಿಡಿದು ನಿಂತು ದಾರಿ ಬಿಟ್ಟರು. ನಡುವಿನಲ್ಲಿ ಕೂರಬೇಕಾದವರು ಮೊದಲು ಹತ್ತಬೇಕಲ್ಲ. ಉಪಾಧ್ಯಕ್ಷ ಓಂಕಾರಮೂರ್ತಿಯವರು ಆಲ್ದೂರಿನಲ್ಲಿ ಕಾಫಿ ವ್ಯಾಪಾರದ ಮಂಡಿ ಇಟ್ಟವರು, ಮೈಕಟ್ಟಿನಲ್ಲಿ ಇಬ್ಬರು ಅಧ್ಯಕ್ಷರಿಗೆ ಸಮ. ಅವರು ಒಳಗೆ ಸರಿದವರು ಅರ್ಧದಲ್ಲೇ ನಿಂತರು.

"ಇದೇನಿದು ಮಂಜಯ್ಯ?"

"ಗೇರ್, ಸಾವ್ಕಾರ್ರೆ."

"ಇಲ್ಲಿ ಯಾಕಿದೆ?"

"ಈಗಿನ ಗಾಡಿಲಿ ನೆಲದಿಂದ್ಲೇ ಬರ್ತದೆ."

"ಹಂಗಾದ್ರೆ ನಾನೆಲ್ಲಿ ಕೂರ್ಲಿ?"

ಮಂಜಯ್ಯ ಗೇರನ್ನೂ ಅವರನ್ನೂ ನೋಡಿದ. "ಅದ್ರ ಆಚೆ ಈಚೆ ಕೂರ್ಬೇಕು," ಅಂದ.

ಓಂಕಾರಮೂರ್ತಿಯವರು ಪಂಚೆ ಎತ್ತಿ ಒಂದು ಕಾಲನ್ನು ಆಚೆ, ಇನ್ನೊಂದು ಕಾಲನ್ನು ಈಚೆ ಹಾಕಿ ಕೂತರು. ಗೇರಿನ ಗುಂಡಿ ಅವರ ಹೊಟ್ಟೆಯ ಎದುರಿಗೆ ನಿಂತಿತು. ನೋಡುವವರಿಗೆ ಅವರೇ ಕಾರನ್ನು ನೇಗಿಲಿನಂತೆ ಹಿಡಿದ ಹಾಗೆ ಕಾಣುತ್ತಿತ್ತು. ಮಂಜಯ್ಯ ಮೊದಲನೇ ಗೇರ್ ಹಾಕಿದ. ಅದು ಮುಂದಕ್ಕೆ ಬೀಳುವ ಗೇರ್, ತೊಂದರೆ ಏನೂ ಆಗಲಿಲ್ಲ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಜನ ಚಪ್ಪಾಳೆ ತಟ್ಟಿದರು. ಎರಡನೇದು ಹಿಂದಕ್ಕೆ ಎಳೆಯುವ ಗೇರ್. ಅದು ಅರ್ಧ ದಾರಿ ಬಂದು ಉಪಾಧ್ಯಕ್ಷರಿಗೆ ತಗುಲಿ ನಿಂತಿತು.

"ಸಾವ್ಕಾರ್ರೆ, ಒಂಚೂರು ಹಿಂದಕ್ಕೆ ಸರೀರಿ."

"ಅದಾಗದಿಲ್ಲ," ಅಂದರು ಓಂಕಾರಮೂರ್ತಿ. "ನಾನು ಹಿಂದಕ್ಕೆ ಸರಿದ್ರೆ ಆಲ್ದೂರೇ ಹಿಂದಕ್ಕೆ ಸರಿದ ಹಾಗೆ."

ಅಧ್ಯಕ್ಷರು ಕಿಟಕಿಯ ಆಚೆ ನೋಡುತ್ತ, "ನಿಯಮ ಅಂದ್ರೆ ನಿಯಮ," ಅಂದರು. ಹಿಂದೆ ಕೂತ ನಿರ್ದೇಶಕರು ಹೌದೆಂದರು.

ಅಂದಿನಿಂದ ಮಹಾಮಂಡಳಿಯ ಕಾರಿಗೆ ಎರಡನೇ ಗೇರೂ ನಾಲ್ಕನೇ ಗೇರೂ ಇಲ್ಲವಾದವು. ಮಂಜಯ್ಯ ಒಂದರಲ್ಲಿ ಹೊರಟು, ಕಾರು ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ, ಸೀದಾ ಮೂರಕ್ಕೆ ಹಾಕುತ್ತಿದ್ದ. ಸಮತಟ್ಟು ರಸ್ತೆಯಲ್ಲಿ ಇದು ನಡೆಯುತ್ತಿತ್ತು. ಆದರೆ ಈ ಕಡೆ ಸಮತಟ್ಟು ರಸ್ತೆ ಇರುವುದು ಬಸ್‌ಸ್ಟ್ಯಾಂಡಿನ ಒಳಗೆ ಮಾತ್ರ. ಏರು ಬಂದರೆ ಕಾರು ಮೂರರಲ್ಲಿ ನಡುಗಿ ನಿಲ್ಲುತ್ತಿತ್ತು, ಮತ್ತೆ ಒಂದರಲ್ಲಿ ತೆವಳುತ್ತಿತ್ತು.

ಮಂಜಯ್ಯನ ಪಾಡು ಬೇರೆ. ಉಪಾಧ್ಯಕ್ಷರ ತೊಡೆಗೆ ಕೈ ತಾಗಬಾರದು, ಅದು ಅಗೌರವ. ಅವರ ಪಂಚೆಯ ಮಡಿಕೆಗೂ ತಾಗಬಾರದು. ಹಾಗಾಗಿ ಅವನು ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಬೆಂಕಿಯ ಮೇಲಿಂದ ಪಾತ್ರೆ ಎತ್ತುವವನಂತೆ ಮೇಲಿನಿಂದ ಇಳಿಸಿ, ಗುಂಡಿಯನ್ನು ಎರಡೇ ಬೆರಳಲ್ಲಿ ಹಿಡಿದು ತಳ್ಳುತ್ತಿದ್ದ. ಪ್ರತಿ ಸಲವೂ "ಕ್ಷಮಿಸ್ಬೇಕು ಸಾವ್ಕಾರ್ರೆ" ಅನ್ನುತ್ತಿದ್ದ. ಆಲ್ದೂರಿನಿಂದ ಚಿಕ್ಕಮಗಳೂರು ತಲುಪುವಷ್ಟರಲ್ಲಿ ಅವನು ಕೇಳಿದಷ್ಟು ಕ್ಷಮೆಯನ್ನು ಬೇರೆಯವರು ಒಂದು ಜನ್ಮದಲ್ಲಿ ಕೇಳಿರಲಾರರು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಎಡಭುಜ ಹಿಡಿದುಕೊಂಡಿತು.

ಅವನ ಹೆಂಡತಿ ಪಾಪಮ್ಮ ಎಣ್ಣೆ ಬಿಸಿ ಮಾಡಿ ತಿಕ್ಕುತ್ತ ಕೇಳಿದಳು. "ಅವರಿಗೆ ಕಾಲು ಮಡಚ್ಕಳಿ ಅಂತ ಹೇಳ್ಬಾರ್ದಾ ನೀವು?"

"ಹೇಳ್ದೆ. ಮಡಚಿದ್ರೆ ಮೂರನೇದೂ ಬೀಳದಿಲ್ಲ."

"ಹಿಂದಿನ ಸೀಟಲ್ಲಿ ಕೂತ್ರೆ ಏನಾಗ್ತದೆ?"

"ಮಂಡಳಿ ಒಡೀತದೆ."

ಪಾಪಮ್ಮ ತಿಕ್ಕುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಹೀಗಿರುವಾಗ ಕಾಫಿಗೆ ಕಾಯಿಕೊರಕದ ಹುಳ ಬಿತ್ತು. ಎಳ್ಳಿಗಿಂತ ಚಿಕ್ಕ ಕಪ್ಪು ಹುಳ, ಹಣ್ಣಿನ ತುದಿಯಲ್ಲಿ ತೂತು ಕೊರೆದು ಬೀಜದೊಳಗೆ ಸಂಸಾರ ಹೂಡುತ್ತದೆ. ಬೆಳೆಗಾರರು ಹೆದರಿದರು. ಮಂತ್ರಿಗಳು ಮೂಡಿಗೆರೆಗೆ ಬರುತ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ ಮನವಿ ಸ್ವೀಕರಿಸುತ್ತಾರೆ ಎಂದು ಸುದ್ದಿ ಬಂತು. ಮಹಾಮಂಡಳಿ ಮನವಿ ಬರೆಯಿತು, ರೇಷ್ಮೆ ದಾರ ಕಟ್ಟಿತು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟಿತು.

ದಾರಿಯಲ್ಲಿ ಏರುಗಳಿದ್ದವು. ಕಾರು ಮೊದಲನೇ ಗೇರಿನಲ್ಲಿ ಹೋಯಿತು. ಗೊಬ್ಬರ ತುಂಬಿದ ಟ್ರ್ಯಾಕ್ಟರೊಂದು ಹಾರ್ನ್ ಮಾಡಿ ಮುಂದೆ ಹೋಯಿತು. ಶಾಲೆಗೆ ಹೊರಟ ಹೆಣ್ಣುಮಕ್ಕಳು ಕಾರಿನ ಪಕ್ಕದಲ್ಲೇ ಮಾತಾಡಿಕೊಂಡು ನಡೆದು, ತಿರುವಿನಲ್ಲಿ ಕಾರಿಗಿಂತ ಮೊದಲು ಮರೆಯಾದರು. ಒಂದು ಬಸ್ಸಂತೂ ಇವರನ್ನು ಹಿಂದೆ ಹಾಕಿ, ಸ್ಟಾಪಿನಲ್ಲಿ ನಿಂತು, ಜನ ಇಳಿಸಿ, ಮತ್ತೆ ಇವರನ್ನು ಹಿಂದೆ ಹಾಕಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಉಪಾಧ್ಯಕ್ಷರು, ಅಧ್ಯಕ್ಷರು ನೋಡಿಕೊಂಡ ಕಾರಣ, ತಾವೂ ನೋಡಿಕೊಂಡರು.

ಮೂಡಿಗೆರೆ ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಮಂತ್ರಿಗಳು ಆಗಲೇ ಘಾಟಿ ಇಳಿದು ಮಂಗಳೂರಿನ ಕಡೆ ಹೋಗಿದ್ದರು. ಮನವಿಯನ್ನು ವಾಪಸು ಒಯ್ಯುವುದು ಸಂಪ್ರದಾಯವಲ್ಲ. ಆದ್ದರಿಂದ ಅಲ್ಲಿ ಜಮಖಾನೆ ಸುತ್ತುತ್ತಿದ್ದವನನ್ನು ಕರೆದು, ಕೈ ಒರೆಸಿಕೊಳ್ಳಲು ಹೇಳಿ, ಅಧ್ಯಕ್ಷರೂ ಉಪಾಧ್ಯಕ್ಷರೂ ಒಟ್ಟಿಗೆ ಹಿಡಿದು ಮನವಿ ಸಲ್ಲಿಸಿದರು. ಅವನು ಗಂಭೀರವಾಗಿ ತೆಗೆದುಕೊಂಡು, "ನೋಡಾಣ," ಅಂದ. ಮಂತ್ರಿಗಳು ಹೇಳುವುದೂ ಅದನ್ನೇ ಆದ್ದರಿಂದ ಕಾರ್ಯಕ್ರಮ ಯಶಸ್ವಿಯಾಯಿತೆಂದು ನಿರ್ದೇಶಕರು ಅಭಿಪ್ರಾಯಪಟ್ಟರು.

ಆದರೆ ಬೆಳೆಗಾರರಿಗೆ ವಿಷಯ ತಿಳಿಯಿತು. ಮಹಾಸಭೆಯಲ್ಲಿ ಕಳಸದ ಕಡೆಯ ಸಣ್ಣ ಬೆಳೆಗಾರ ಕೃಷ್ಣಪ್ಪ ಎದ್ದು ನಿಂತ. ಅವನ ತೋಟಕ್ಕೆ ಆಗಲೇ ಹುಳ ಬಿದ್ದಿತ್ತು.

"ಅಧ್ಯಕ್ಷ್ರೆ, ಆ ಹುಳ ಎಲ್ಲಿಂದ್ಲೋ ಹೊರಟು ಇಡೀ ಜಿಲ್ಲೆ ಸುತ್ತಿ ನಮ್ ತೋಟಕ್ಕೆ ಬಂತು. ನೀವು ಆಲ್ದೂರಿಂದ ಮೂಡಿಗೆರೆಗೆ ಹೊತ್ತಿಗೆ ಸರಿಯಾಗಿ ಹೋಗಕ್ಕಾಗ್ಲಿಲ್ಲ ಅಂದ್ರೆ ಏನು ಹೇಳದು?"

ಕಾರ್ಯದರ್ಶಿ ಸಿದ್ದಬಸಪ್ಪ ಎದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದರು. ಇಪ್ಪತ್ತು ವರ್ಷದ ಕಾರ್ಯದರ್ಶಿತನದಲ್ಲಿ ಅವರು ಕೈಗೊಂಡ ಸೂಕ್ತ ಕ್ರಮ ಯಾವಾಗಲೂ ಒಂದೇ. ಅತಿ ಕೆಳಗಿನವನಿಗೆ ನೋಟಿಸು ಕೊಡುವುದು.

ಮಂಜಯ್ಯನಿಗೆ ನೋಟಿಸು ಬಂತು. ಮಂತ್ರಿಗಳ ಕಾರ್ಯಕ್ರಮಕ್ಕೆ ತಡವಾಗಿ ತಲುಪಿ ಮಹಾಮಂಡಳಿಯ ಘನತೆಗೆ ಕುಂದು ತಂದ ನಿನ್ನನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿದ್ದರು. ಅವನು ಪಾಪಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಸಾಲಿನ ಉತ್ತರ ಬರೆದ. "ಎರಡನೇ ಗೇರಿಗೆ ಉಪಾಧ್ಯಕ್ಷರು ಅಡ್ಡ ಬರುತ್ತಾರೆ."

ಈ ಉತ್ತರದಿಂದ ಕಚೇರಿಯಲ್ಲಿ ಗದ್ದಲವಾಯಿತು. ಆಲ್ದೂರು ಕಡೆಯ ನಿರ್ದೇಶಕರು ಇದು ತಮ್ಮ ಹೋಬಳಿಗೆ ಮಾಡಿದ ಅವಮಾನ ಎಂದರು. ವಸ್ತಾರೆ ಕಡೆಯವರು ಅವಮಾನ ನಿಜ, ಆದರೆ ಮಾತು ಸುಳ್ಳಲ್ಲ ಎಂದರು. ಓಂಕಾರಮೂರ್ತಿಯವರು ರಾಜೀನಾಮೆ ಕೊಡಲು ಎದ್ದರು. ಮಂಡಳಿ ಒಡೆಯುವ ಹಂತಕ್ಕೆ ಬಂತು. ಕೊನೆಗೆ ಸಿದ್ದಬಸಪ್ಪನವರು ಒಂದು ತಿದ್ದುಪಡಿ ಸೂಚಿಸಿದರು. "ಉಪಾಧ್ಯಕ್ಷರು ಗೇರಿಗೆ ಅಡ್ಡ ಬರುತ್ತಾರೆ" ಎಂಬುದನ್ನು ಕಡತದಿಂದ ತೆಗೆದು, "ಗೇರ್ ಉಪಾಧ್ಯಕ್ಷರಿಗೆ ಅಡ್ಡ ಬರುತ್ತದೆ" ಎಂದು ಓದಿಕೊಳ್ಳುವುದು. ಎಲ್ಲರಿಗೂ ಸಮಾಧಾನವಾಯಿತು. ತಪ್ಪು ಗೇರಿನದೆಂದು ತೀರ್ಮಾನವಾಗಿ ಮಂಜಯ್ಯನ ನೋಟಿಸನ್ನು ತಡೆಹಿಡಿಯಲಾಯಿತು. ವಾಪಸು ಪಡೆಯಲಿಲ್ಲ, ತಡೆಹಿಡಿಯಲಾಯಿತು ಅಷ್ಟೆ.

ಗೇರ್ ಎಲ್ಲಿರಬೇಕೆಂದು ನಿರ್ಧರಿಸಲು "ಗೇರ್ ಸ್ಥಾನ ನಿರ್ಣಯ ಹಾಗೂ ಚಾಲಕ ಸೌಖ್ಯ ಉಪಸಮಿತಿ" ರಚನೆಯಾಯಿತು. ಚಾಲಕನ ಸೌಖ್ಯವನ್ನು ಅಧ್ಯಯನ ಮಾಡಬೇಕಾದರೆ ಮೊದಲು ಸೌಖ್ಯ ಎಂದರೇನು ಎಂದು ಗೊತ್ತಿರಬೇಕು, ಅದು ಆಲ್ದೂರಿನಲ್ಲಿ ಗೊತ್ತಾಗುವುದಿಲ್ಲ ಎಂದು ಉಪಸಮಿತಿ ಮನಗಂಡಿತು. ಆದ್ದರಿಂದ ಸದಸ್ಯರು ಪತ್ನಿಯರ ಸಮೇತ ಗೋವಾಕ್ಕೆ ಹೋದರು. ಅಲ್ಲಿ ಸಮುದ್ರದ ದಂಡೆಯಲ್ಲಿ ಒರಗುಕುರ್ಚಿಯ ಮೇಲೆ ಕೂತು ಬೆನ್ನು, ಭುಜ ಹಾಗೂ ಮೊಣಕಾಲಿಗೆ ಆಗುವ ಅನುಭವವನ್ನು ಪರಿಶೀಲಿಸಿದರು. ಮಂಜಯ್ಯನನ್ನೂ ಕರೆದೊಯ್ಯಬೇಕೆಂದು ಒಬ್ಬ ನಿರ್ದೇಶಕರು ಹೇಳಿದ್ದರು. ಆದರೆ ಅವನಿಗೆ ಭುಜನೋವು ಇದ್ದುದರಿಂದ ಪ್ರಯಾಣ ಕಷ್ಟವಾದೀತೆಂದು ಬಿಟ್ಟು ಹೋದರು.

ವರದಿ ದಪ್ಪಗಿತ್ತು. "ಚಾಲಕ ಸೌಖ್ಯವೆಂದರೆ, ಪಕ್ಕದಲ್ಲಿ ಕೂತ ಪದಾಧಿಕಾರಿಗಳಿಗೆ ಯಾವುದೇ ತೊಂದರೆಯಾಗದಂತೆ ಚಾಲಕನು ಮನಸ್ಸಿನಲ್ಲಿ ಅನುಭವಿಸತಕ್ಕ ಸುಖ" ಎಂದು ಅದರ ಮೊದಲ ಪುಟದಲ್ಲೇ ಇತ್ತು. ಕೊನೆಯ ಪುಟದಲ್ಲಿ, ಗೇರನ್ನು ಚಾಲಕನ ಕಡೆಗೆ ಬಗ್ಗಿಸಬಹುದೆಂದು ಶಿಫಾರಸು ಇತ್ತು.

ಮೂಡಿಗೆರೆಯ ಗ್ಯಾರೇಜಿನ ನಾಗೇಶ ಗ್ಯಾಸ್ ಹಚ್ಚಿ, ಗೇರಿನ ಕಂಬಿಯನ್ನು ಕಾಯಿಸಿ, ಬಲಕ್ಕೆ ಬಗ್ಗಿಸಿಕೊಟ್ಟ. "ಬಗ್ಗಿಸೋದು ನನ್ ಕೆಲ್ಸ. ಓಡ್ಸೋದು ನಿನ್ ಹಣೆಬರಹ ಮಾರಾಯ," ಎಂದು ಮಂಜಯ್ಯನಿಗೆ ಹೇಳಿಯೇ ಕೊಟ್ಟ. ಈಗ ಉಪಾಧ್ಯಕ್ಷರ ಹೊಟ್ಟೆ ಸ್ವತಂತ್ರವಾಯಿತು. ಆದರೆ ಗುಂಡಿ ಮಂಜಯ್ಯನ ತೊಡೆಯ ಮೇಲೆ ಬಂದು ಕೂತಿತು. ಎರಡನೇ ಗೇರ್ ಹಾಕಬೇಕಾದರೆ ಅವನು ತನ್ನ ಕಾಲನ್ನು ತಾನೇ ದಾಟಬೇಕಿತ್ತು. ಒಂದು ದಿನ ಆಲ್ದೂರಿನ ಪೇಟೆಯ ನಡುವೆ ಗುಂಡಿ ಅವನ ಪ್ಯಾಂಟಿನ ಜೇಬಿನೊಳಗೆ ಹೊಕ್ಕಿತು. ಅವನು ಗೇರ್ ಬದಲಿಸಿದಾಗ ಜೇಬೂ ಬದಲಾಯಿತು, ಅದರ ಜೊತೆ ಪ್ಯಾಂಟಿನ ಒಂದು ಭಾಗವೂ ಹೋಯಿತು. ಅವನು ಕಾರು ನಿಲ್ಲಿಸಿ, ಸೀಟಿನ ಮೇಲಿದ್ದ ಟವಲ್ ಸುತ್ತಿಕೊಂಡು, ಮತ್ತೆ ಹೊರಟ. ಅಧ್ಯಕ್ಷರು ಆಚೆ ನೋಡುತ್ತಿದ್ದರು.

ನಾಗೇಶ ಮತ್ತೆ ಗ್ಯಾಸ್ ಹಚ್ಚಿ ಕಂಬಿಯನ್ನು ನೆಟ್ಟಗೆ ಮಾಡಿದ. ಆ ವೇಳೆಗೆ ಮಂಜಯ್ಯನ ಭುಜ ಪೂರ್ತಿ ಕೈಕೊಟ್ಟಿತ್ತು. ಡಾಕ್ಟರು ಕೈ ಎತ್ತಬೇಡ ಅಂದರು. ಸಿದ್ದಬಸಪ್ಪನವರು ಹಳೆಯ ನೋಟಿಸಿನ ಮೇಲಿನ ಧೂಳು ಕೊಡವಿದರು. ಗೇರ್ ಹಾಕಲಾರದ ಚಾಲಕನನ್ನು ಇಟ್ಟುಕೊಳ್ಳುವುದು ಹೇಗೆ, ಮುಂದಿನ ಸಭೆಯಲ್ಲಿ ನೋಡೋಣ ಎಂದರು.

ಮಂಜಯ್ಯ ಮನೆಗೆ ಹೋಗಿ ಊಟ ಮಾಡಲಿಲ್ಲ. ಅವನಿಗೆ ಗೊತ್ತಿದ್ದದ್ದು ಕಾರು ಓಡಿಸುವುದೊಂದೇ. ಹದಿನೆಂಟನೇ ವಯಸ್ಸಿನಲ್ಲಿ ಎಸ್ಟೇಟ್ ಜೀಪಿನಲ್ಲಿ ಕಲಿತಿದ್ದ, ಕಣ್ಣು ಮುಚ್ಚಿದರೂ ಈ ಕಡೆಯ ತಿರುವುಗಳು ಕೈಗೆ ಬರುತ್ತಿದ್ದವು. ಪಾಪಮ್ಮ, "ತೆಗೆದ್ರೆ ತೆಗೀಲಿ ಬಿಡಿ. ನಾನಿದೀನಲ್ಲ, ಹಣ್ಣು ಕುಯ್ಯಕ್ಕೆ ಹೋಗ್ತೀನಿ," ಅಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮಗ್ಗುಲಾಗಲು ಎಡಗೈ ಬಿಡುತ್ತಿರಲಿಲ್ಲ, ಹಾಗಾಗಿ ಗೋಡೆಯ ಕಡೆಗೇ ಇದ್ದ.

ಸಭೆಗೆ ಮುಂಚೆ ಕಳಸಕ್ಕೆ ಒಂದು ಪ್ರಯಾಣವಿತ್ತು. ಹುಳದ ಬಗ್ಗೆ ಜಾಗೃತಿ ಮೂಡಿಸುವ ಕಾರ್ಯಕ್ರಮ. ಬಾಳೆಹೊನ್ನೂರು ದಾಟಿ ಏರು ಹತ್ತುವಾಗ ಕಾರು ಮೂರನೇ ಗೇರಿನಲ್ಲಿ ನಡುಗಿತು. ಅಲ್ಲಿಯ ತನಕ ನೋವು ನುಂಗಿ ಹೇಗೋ ಗೇರ್ ಹಾಕಿದ್ದ ಮಂಜಯ್ಯ ಎಡಗೈ ಎತ್ತಲು ಹೋದ, ಕೈ ಮೇಲೇಳಲಿಲ್ಲ. ಕಾರು ಇನ್ನೇನು ನಿಂತು ಹಿಂದಕ್ಕೆ ಜಾರಬೇಕು. ಎಡಕ್ಕೆ ಪ್ರಪಾತದ ಹಾಗೆ ಇಳಿದ ತೋಟ.

"ಸಾವ್ಕಾರ್ರೆ," ಅಂದ ಅವನು, ಸ್ವರ ಏರಿಸದೆ, "ನಾನು ಕ್ಲಚ್ ಒತ್ತಿದೀನಿ. ಆ ಗುಂಡಿನ ನಿಮ್ ಕಡೆಗೆ, ಎಡಕ್ಕೆ ಹಿಡ್ದು ಹಿಂದಕ್ಕೆ ಎಳ್ಕಳಿ."

ಓಂಕಾರಮೂರ್ತಿಯವರು ಹಿಂದೆ ಮುಂದೆ ಯೋಚಿಸದೆ ಎರಡೂ ಕೈಯಲ್ಲಿ ಗುಂಡಿ ಹಿಡಿದು, ಉಸಿರು ಒಳಗೆಳೆದು, ತಮ್ಮ ಹೊಟ್ಟೆಗೇ ಅದನ್ನು ಒತ್ತಿಕೊಂಡರು. ಬೇರೆಯವರು ಮಾಡಿದರೆ ಅಗೌರವವಾಗುತ್ತಿದ್ದದ್ದು ತಾವೇ ಮಾಡಿಕೊಂಡಾಗ ಅಗೌರವವೆನಿಸಲಿಲ್ಲ. ಟಕ್ ಎಂದು ಎರಡನೇ ಗೇರ್ ಬಿತ್ತು. ಕಾರು ಒಮ್ಮೆ ಮೈಕೊಡವಿ, ಗಬ್ಬದ ಎಮ್ಮೆ ಎದ್ದ ಹಾಗೆ ಎದ್ದು, ಏರು ಹತ್ತಿತು.

"ಮಂಜಯ್ಯ," ಅಂದರು ಓಂಕಾರಮೂರ್ತಿ, ಗುಂಡಿಯಿಂದ ಕೈ ತೆಗೆಯದೆ, "ಇನ್ನೂ ಇದೆಯಾ?"

"ಇದೆ ಸಾವ್ಕಾರ್ರೆ. ಮುಂದಿನ ತಿರುವಾದ್ಮೇಲೆ ಮೂರು."

"ಹೇಳು. ನಾನೇ ಹಾಕ್ತೀನಿ."

ಎಷ್ಟೋ ವರ್ಷದಿಂದ ಅವರು ಉಪಾಧ್ಯಕ್ಷರಾಗಿದ್ದರು. ಹಾರ ಹಾಕಿಸಿಕೊಂಡಿದ್ದರು, ವಂದನಾರ್ಪಣೆ ಮಾಡಿದ್ದರು, ಅಧ್ಯಕ್ಷರು ಕೆಮ್ಮಿದಾಗ ನೀರು ಸರಿಸಿದ್ದರು. ಅವರು ಮಾಡಿದ್ದರಿಂದ ಏನಾದರೂ ಚಲಿಸಿದ್ದು ಅದೇ ಮೊದಲು. ಕಳಸ ತಲುಪುವಾಗ ಅವರ ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು. ಜಾಗೃತಿ ಭಾಷಣದಲ್ಲಿ ಹುಳದ ಬಗ್ಗೆ ಎರಡು ಮಾತಾಡಿ, ಉಳಿದ ಹೊತ್ತು ನಾಲ್ಕನೇ ಗೇರಿನ ಬಗ್ಗೆ ಮಾತಾಡಿದರು. ಕೃಷ್ಣಪ್ಪ ಮುಂದಿನ ಸಾಲಿನಲ್ಲಿ ಕೂತು ಕೇಳಿದ.

ಸಭೆಯಲ್ಲಿ ಮಂಜಯ್ಯನನ್ನು ತೆಗೆಯುವ ಮಾತು ಬಂದಾಗ ಮೊದಲು ವಿರೋಧಿಸಿದವರು ಉಪಾಧ್ಯಕ್ಷರೇ. ಹೊಸ ಚಾಲಕ ಬಂದರೆ ಅವನಿಗೆ ಎರಡು ಕೈ ಇರುತ್ತವೆ, ಆಗ ತಮ್ಮ ಕೆಲಸವೇನು ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಒಂದು ಪ್ರಕಟಣೆ ಹೊರಟಿತು.

"ಮಹಾಮಂಡಳಿಯ ಸಮಸ್ತ ಸದಸ್ಯರ ಗಮನಕ್ಕೆ. ಇನ್ನು ಮುಂದೆ ಮಹಾಮಂಡಳಿಯ ವಾಹನದ ಗೇರಿನ ಸಂಪೂರ್ಣ ಹೊಣೆ ಮಾನ್ಯ ಉಪಾಧ್ಯಕ್ಷರದ್ದಾಗಿರುತ್ತದೆ. ಚಾಲಕನು ಕ್ಲಚ್ ಒತ್ತಿ ವಿನಂತಿಸಿಕೊಳ್ಳತಕ್ಕದ್ದು. ಉಪಾಧ್ಯಕ್ಷರು ವಿನಂತಿಯನ್ನು ಪರಿಶೀಲಿಸಿ ಗೇರ್ ಮಂಜೂರು ಮಾಡುವರು. ಇಳಿಜಾರಿನಲ್ಲಿ ಮೌಖಿಕ ವಿನಂತಿ ಸಾಕು."

ವ್ಯವಸ್ಥೆ ಚೆನ್ನಾಗಿ ನಡೆಯಿತು. ಒಮ್ಮೆ ಚಿಕ್ಕಮಗಳೂರಿನ ಹತ್ತಿರ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರರೊಬ್ಬರು ಕಾರು ತಡೆದು, ಓಡಿಸುತ್ತಿರುವವರು ಯಾರು ಎಂದು ಕೇಳಿದರು. "ಇಬ್ರೂ ಸಾರ್," ಅಂದ ಮಂಜಯ್ಯ. ಇನ್‌ಸ್ಪೆಕ್ಟರರು ಪ್ರಕಟಣೆಯನ್ನು ಎರಡು ಸಲ ಓದಿದರು. ಗೇರಿಗೆ ಮಾತ್ರ ಲೈಸೆನ್ಸ್ ಕೊಡುವ ಅವಕಾಶ ಕಾನೂನಿನಲ್ಲಿ ಇಲ್ಲ, ಕೊಡಬಾರದು ಎಂದೂ ಇಲ್ಲ ಎಂದರು. ಕಾರಿನಲ್ಲಿದ್ದ ಚಿಕೋರಿ ಬೆರೆಸದ ಕಾಫಿಪುಡಿಯ ಪೊಟ್ಟಣವನ್ನು ಪರೀಕ್ಷೆಗೆಂದು ಒಯ್ದರು. ಮರುದಿನದಿಂದ ಕಾರಿನ ಮುಂಗಾಜಿನ ನಡುಭಾಗಕ್ಕೆ, ಉಪಾಧ್ಯಕ್ಷರ ಎದುರಿಗೆ ಸರಿಯಾಗಿ, ಕಲಿಯುವವರ ಕೆಂಪು ‘ಎಲ್’ ಅಕ್ಷರ ಅಂಟಿಸಲಾಯಿತು.

ಮಂಜಯ್ಯನ ಭುಜದ ನೋವು ನಿಧಾನಕ್ಕೆ ಇಳಿಯಿತು. ಅವನು ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು, ಎಡಗೈಯನ್ನು ಮಡಿಲಲ್ಲಿ ಮಲಗಿಸಿ, "ಎರಡು ಸಾವ್ಕಾರ್ರೆ", "ಮೂರು ಸಾವ್ಕಾರ್ರೆ" ಎಂದು ಹೇಳುತ್ತ ಹೋಗುತ್ತಿದ್ದ. ಕ್ಷಮೆ ಕೇಳುವುದೂ ನಿಂತಿತು. ಚಾಲಕ ಸೌಖ್ಯ ಸಾಧಿಸಲಾಗಿದೆ ಎಂದು ಉಪಸಮಿತಿ ತನ್ನನ್ನು ತಾನೇ ಅಭಿನಂದಿಸಿಕೊಂಡಿತು.

ತೊಂದರೆಯಾದದ್ದು ಅಧ್ಯಕ್ಷರಿಗೆ. ರಸ್ತೆಬದಿಯ ಜನ ಈಗ ಉಪಾಧ್ಯಕ್ಷರಿಗೆ ಮೊದಲು ಕೈಮುಗಿಯುತ್ತಿದ್ದರು, ಯಾಕೆಂದರೆ ಅವರ ಕೈಯಲ್ಲಿ ಏನೋ ಇತ್ತು. ಮಲ್ಲಿಕಾರ್ಜುನಪ್ಪನವರು ಕ್ಲಚ್ ತಮಗೆ ಬೇಕೆಂದು ಕೇಳಿದರು. ಅದು ಕಾಲಿಗೆ ಸಂಬಂಧಿಸಿದ್ದು, ಅಧ್ಯಕ್ಷರ ಘನತೆಗೆ ತಕ್ಕದ್ದಲ್ಲ ಎಂದು ಸಿದ್ದಬಸಪ್ಪನವರು ಒಪ್ಪಿಸಿ, ಹಾರ್ನಿನ ವೈರನ್ನು ಎಳೆಸಿ ಎಡಬಾಗಿಲಿಗೆ ಗುಂಡಿ ಹಾಕಿಸಿಕೊಟ್ಟರು. ಅಧ್ಯಕ್ಷರು ಬೇಕಾದಾಗ ಮಾತ್ರವಲ್ಲದೆ, ಮನಸ್ಸಿಗೆ ಬಂದಾಗಲೂ ಹಾರ್ನ್ ಮಾಡಿದರು. ಸಮತೋಲನ ಮರಳಿತು.

ಹೀಗೆ ವರ್ಷಗಳು ಉರುಳಿದವು. ಕಾಫಿಯ ರೇಟು ಬಿತ್ತು. ರೇಟು ಬಿದ್ದಾಗ ಮಹಾಮಂಡಳಿಯ ಚಟುವಟಿಕೆ ಹೆಚ್ಚಬೇಕಾದ್ದು ಸಹಜ, ಆದ್ದರಿಂದ ಎರಡು ಸಾವಿರದ ಮೂರರಲ್ಲಿ ಇನ್ನೊಂದು ಹೊಸ ಕಾರು ತಂದರು. ತಣ್ಣನೆ ಗಾಳಿ ಬರುವ, ಕಿಟಕಿ ತಾನೇ ಏರುವ ಕಾರು. ಈ ಸಲ ಖರೀದಿ ಸಮಿತಿ ಅನುಭವದಿಂದ ಪಾಠ ಕಲಿತು, ಗೇರ್ ನೆಲದಲ್ಲೇ ಇದೆಯೇ ಎಂದು ಮೊದಲು ನೋಡಿತ್ತು. ಇತ್ತು. ಸೀಟು ನೋಡಲು ಮರೆತಿತ್ತು.

ಮುಂದೆ ಎರಡೇ ಸೀಟು, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಬೇರೆ ಬೇರೆ. ನಡುವೆ ಗೇರ್, ಅದರ ಹಿಂದೆ ಲೋಟ ಇಡುವ ಗುಳಿ. ಓಂಕಾರಮೂರ್ತಿಯವರು ಬಾಗಿಲಲ್ಲಿ ನಿಂತು ಆ ಗುಳಿಯನ್ನು ಬಹಳ ಹೊತ್ತು ನೋಡಿದರು.

ಸಭೆ ಸೇರಿತು. ಅಧ್ಯಕ್ಷರು ಮುಂದೆ ಕೂತು ಉಪಾಧ್ಯಕ್ಷರು ಹಿಂದೆ ಕೂರುವಂತಿಲ್ಲ. ಇಬ್ಬರೂ ಹಿಂದೆ ಕೂತರೆ ಗೇರೂ ಹಾರ್ನೂ ಕೈತಪ್ಪುತ್ತವೆ. ಮಂಡಳಿ ಒಡೆಯಬಾರದು. ಎಲ್ಲ ಲೆಕ್ಕ ಹಾಕಿದ ಮೇಲೆ, ಮುಂದಿನ ಎರಡು ಸೀಟಿಗೆ ಮೂವರಲ್ಲಿ ಯಾರು ಹೆಚ್ಚೆಂಬ ಪ್ರಶ್ನೆ ಉಳಿಯಿತು. ಉತ್ತರ ಕಷ್ಟದ್ದಾಗಿರಲಿಲ್ಲ. ಎಡಸೀಟು ಅಧ್ಯಕ್ಷರಿಗೆ, ಬಲಸೀಟು ಉಪಾಧ್ಯಕ್ಷರಿಗೆ, ಚಾಲಕನು ನಿರ್ದೇಶಕರ ಜೊತೆ ಹಿಂದೆ ಕೂರತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಎಡಬಾಗಿಲಿಗೆ ಹಾರ್ನಿನ ಗುಂಡಿ ಹಾಕಿಸುವುದನ್ನೂ ಮಂಜಯ್ಯನಿಗೆ ಬೆನ್ನಿಗೊಂದು ದಿಂಬು ಕೊಡುವುದನ್ನೂ ಸೇರಿಸಿದರು.

ಮೊದಲ ದಿನ ಕಚೇರಿಯ ಅಂಗಳದಲ್ಲಿ ಎಲ್ಲರೂ ಕೂತರು. ಉಪಾಧ್ಯಕ್ಷರು ಮೊದಲನೇ ಗೇರ್ ಹಾಕಿದರು, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆಮೇಲೆ ಕಾಲಿನ ಪ್ರಶ್ನೆ ಬಂತು. ಹಿಂದಿನಿಂದ ಮಂಜಯ್ಯ, "ಎಡಗಾಲು ನಿಧಾನಕ್ಕೆ ಬಿಡಿ ಸಾವ್ಕಾರ್ರೆ," ಅನ್ನುವಷ್ಟರಲ್ಲಿ ಕಾರು ಕಪ್ಪೆಯ ಹಾಗೆ ಹಾರಿ ದಾಸವಾಳದ ಪೊದೆಗೆ ಮುಖ ಇಟ್ಟು ನಿಂತಿತು. ಅಧ್ಯಕ್ಷರು ಹಾರ್ನ್ ಮಾಡಿದರು.

ಕಾರನ್ನು ತಳ್ಳಿ ಪೋರ್ಟಿಕೋದಲ್ಲಿ ನಿಲ್ಲಿಸಿದರು. ಉಪಾಧ್ಯಕ್ಷರು ಪೂರ್ತಿ ಕಲಿಯುವ ತನಕ ಕಾರನ್ನು ಅಲುಗಾಡಿಸಬಾರದು, ಆದರೆ ಪ್ರವಾಸಗಳು ನಿಲ್ಲಬಾರದು ಎಂದು ಸಿದ್ದಬಸಪ್ಪನವರು ತಾತ್ಕಾಲಿಕ ಆದೇಶ ಹೊರಡಿಸಿದರು. ಅದು ಇಂದಿಗೂ ತಾತ್ಕಾಲಿಕವಾಗಿಯೇ ಇದೆ.

ಈಗ ಪ್ರವಾಸದ ದಿನ ಎಲ್ಲರೂ ತಿಂಡಿ ಮುಗಿಸಿ ಕಾರಿನಲ್ಲಿ ಕೂರುತ್ತಾರೆ. ಎಂಜಿನ್ ಚಾಲೂ ಮಾಡುತ್ತಾರೆ, ತಣ್ಣನೆ ಗಾಳಿ ಬರುತ್ತದೆ. ಉಪಾಧ್ಯಕ್ಷರು ಕ್ಲಚ್ ಮೇಲೆ ಊರಿದ ಕಾಲನ್ನು ಎತ್ತದೆ ಒಂದು, ಎರಡು, ಮೂರು ಎಂದು ಹಾಕುತ್ತ ಹೋಗುತ್ತಾರೆ. ಹಿಂದಿನಿಂದ ಮಂಜಯ್ಯ ಕಣ್ಣುಮುಚ್ಚಿ, "ಬಾಳೆಹೊನ್ನೂರು ಬಂತು, ಎರಡಕ್ಕೆ ಇಳಿಸಿ," "ತಿರುವಿದೆ ಅಧ್ಯಕ್ಷ್ರೆ, ಹಾರ್ನ್," ಎಂದು ಹೇಳುತ್ತಾನೆ. ನಿರ್ದೇಶಕರು ನಿದ್ದೆ ಮಾಡುತ್ತಾರೆ. ಊರು ಬಂದ ಮೇಲೆ ಇಳಿದು, ಮೈಮುರಿದು, ಕಚೇರಿಯೊಳಗೆ ಹೋಗಿ ಕಾರ್ಯಕ್ರಮ ನಡೆಸುತ್ತಾರೆ. ಡೀಸೆಲ್ ನಿಜವಾಗಿಯೂ ಉರಿದಿರುವುದರಿಂದ ಪ್ರವಾಸವೂ ನಿಜವೆಂದು ಆಡಿಟರು ಒಪ್ಪಿಕೊಂಡಿದ್ದಾರೆ. ಅಪಘಾತವಿಲ್ಲ, ತಡವಿಲ್ಲ. ಹೋದ ಊರಿಗೆಲ್ಲ ಮಹಾಮಂಡಳಿ ಹೊತ್ತಿಗೆ ಸರಿಯಾಗಿ ತಲುಪುತ್ತಿದೆ.

ಮೊನ್ನೆ ಕಳಸದ ಕೃಷ್ಣಪ್ಪ ಬಸ್ಸಿನಲ್ಲಿ ಆಲ್ದೂರಿಗೆ ಬಂದಿದ್ದ. ತನ್ನ ತೋಟವನ್ನು ಯಾರಾದರೂ ಬಂದು ನೋಡಬೇಕೆಂದು ಕೇಳುವುದು ಅವನ ಉದ್ದೇಶ. ಪೋರ್ಟಿಕೋದಲ್ಲಿ ಗುರ್ ಎನ್ನುತ್ತಿದ್ದ ಕಾರಿನ ಗಾಜು ಇಳಿಯಿತು.

"ನಿಮ್ ಕಡೆಗೇ ಹೊರಟಿದೀವಿ ಕೃಷ್ಣಪ್ಪ," ಅಂದರು ಓಂಕಾರಮೂರ್ತಿ. "ಹತ್ಕಳಿ."

ಕೃಷ್ಣಪ್ಪ ಚಕ್ರ ನೋಡಿದ. ಚಕ್ರದ ಕೆಳಗೆ ಇಟ್ಟಿದ್ದ ಕಲ್ಲು ನೋಡಿದ. ಹೊರಗೆ ಬಿಸಿಲು ಜೋರಿತ್ತು. ಹತ್ತಿ ಮಂಜಯ್ಯನ ಪಕ್ಕ ಕೂತ. ಸಾಯಂಕಾಲ ಇಳಿದಾಗ ಅವನ ಮುಖ ತಿಳಿಯಾಗಿತ್ತು. ಬಸ್ಸಿನಲ್ಲಿ ಊರಿಗೆ ಹೋಗಿ, "ಒಳ್ಳೆ ಗಾಡಿ ಕಣ್ರೋ. ಆ ಏರೆಲ್ಲ ಹತ್ತಿದ್ದೇ ಗೊತ್ತಾಗ್ಲಿಲ್ಲ," ಎಂದು ಹೇಳಿದನಂತೆ. ಆಮೇಲೆ ಅವನ ಊರಿನವರು ಇನ್ನಷ್ಟು ಮಂದಿ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾರೆ.

ಮಂಜಯ್ಯ ಅಂದೂ ಎಂದಿನಂತೆ ಮನೆಗೆ ಬಂದು ಎಡಗೈಯಲ್ಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಪಾಪಮ್ಮ ಕಾಫಿ ತಂದುಕೊಟ್ಟಳು.

"ಇವತ್ತು ಎಲ್ಲಿವರೆಗೆ ಹೋಗಿದ್ರಿ?"

"ನಾಲ್ಕನೇ ಗೇರ್‌ವರೆಗೆ," ಅಂದ ಮಂಜಯ್ಯ.

"ದೂರ ಆಯ್ತಲ್ಲ," ಅಂದಳು ಪಾಪಮ್ಮ, ಮತ್ತು ಅವನಿಗೆ ಬಿಸಿನೀರು ಕಾಯಿಸಲು ಒಳಗೆ ಹೋದಳು.